ಜೇನು ಸತ್ತದ್ದು ಬರೀ ಚಳಿಗಲ್ಲ

ಜೇನು ಸಾಕಲು ಶುರು ಮಾಡಿದ ಮೇಲೆ ಬಂದ ಮೊದಲ ಚಳಿಗಾಲ ಮುಗಿದಿತ್ತು. ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಒಳಮೈ ತುಂಬಾ ನೀರಿನ ಹನಿ. ಎರಿಗಳ ನಡುವೆ ಒಂದು ಬೊಗಸೆಯಷ್ಟು ಹುಳ ಮಾತ್ರ ಉಳಿದಿದ್ದವು, ಅವೂ ಸತ್ತು. ಎಷ್ಟೋ ಹುಳಗಳ ತಲೆ ಖಾಲಿ ಕೋಶದ ತಳದಲ್ಲಿತ್ತು, ಹಿಂಭಾಗ ಮಾತ್ರ ಹೊರಗೆ ಕಾಣುತ್ತಿತ್ತು. ಅಲ್ಲಿಂದ ನಾಲ್ಕು ಬೆರಳು ದೂರದಲ್ಲಿ ಮೇಣ ಮುಚ್ಚಿದ ಜೇನು ಹಾಗೇ ಇತ್ತು. ಆ ನಾಲ್ಕು ಬೆರಳು ದಾಟಲು ಅವಕ್ಕೆ ಆಗಿರಲಿಲ್ಲ.

ನಾನು ಅವನ್ನು ಬೆಚ್ಚಗಿಡಬೇಕು ಅಂತ ಪೆಟ್ಟಿಗೆಗೆ ದಪ್ಪಗೆ ಹೊದಿಸಿ, ಸಂದುಗೊಂದಿಗೆಲ್ಲ ಬಟ್ಟೆ ತುರುಕಿದ್ದೆ. ಅದೇ ತಪ್ಪಾಗಿತ್ತು. ಬೆಚ್ಚಗಿರುವುದು ಜೇನಿಗೆ ಗೊತ್ತು. ಹೊರಗೆ 10 ಡಿಗ್ರಿಗೆ ಇಳಿಯುವಷ್ಟರಲ್ಲಿ ಅವು ರಾಣಿಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಒತ್ತೊತ್ತಾಗಿ ಕೂತುಬಿಡುತ್ತವೆ. ರೆಕ್ಕೆ ಬಡಿಯದೆ, ಹಾರಲು ಬಳಸುವ ಸ್ನಾಯುಗಳನ್ನಷ್ಟೇ ನಡುಗಿಸಿ ಶಾಖ ಹುಟ್ಟಿಸುತ್ತವೆ. ಆದರೆ ಜೇನು ತಿಂದು ಉಸಿರಾಡಿದಾಗ ಆವಿಯೂ ಬರುತ್ತದೆ, ಅಲ್ವಾ? ಹೊರಹೋಗಲು ದಾರಿ ಇಲ್ಲದಿದ್ದರೆ ಅದು ತಣ್ಣನೆಯ ಮುಚ್ಚಳಕ್ಕೆ ತಾಗಿ, ಹನಿಯಾಗಿ ಅವುಗಳ ಮೇಲೇ ಬೀಳುತ್ತದೆ. ಒಣಗಿರುವ ಹುಳ ಚಳಿ ತಡೆದೀತು, ಒದ್ದೆಯಾದ ಹುಳ ತಡೆಯುವುದಿಲ್ಲ.

ಗುಂಪು ಅಷ್ಟು ಸಣ್ಣದಾದದ್ದಕ್ಕೆ ಉತ್ತರ ತಳದ ಹಲಗೆಯ ಕಸದಲ್ಲಿ ಸಿಕ್ಕಿತು. ಸಾಸಿವೆ ಕಾಳಿನಷ್ಟು ಗಾತ್ರದ, ಕೆಂಪು ಕಂದು ಬಣ್ಣದ ಚಪ್ಪಟೆ ನುಸಿಗಳು. ವರೋವಾ. ಬೇಸಿಗೆಯ ಕೆಲಸಗಾರ ಜೇನು ಬದುಕುವುದು ಸುಮಾರು 6 ವಾರ. ಚಳಿಗಾಲ ದಾಟಿಸುವ ಹುಳಗಳು ಬೇರೆ, ಅವು 4ರಿಂದ 6 ತಿಂಗಳು ಬದುಕಬೇಕು. ಅದಕ್ಕಾಗಿ ಮೈಯಲ್ಲಿ ಕೊಬ್ಬು ಕೂಡಿಸಿಕೊಂಡಿರುತ್ತವೆ. ನುಸಿ ತಿನ್ನುವುದು ಆ ಕೊಬ್ಬನ್ನೇ. ಈ ಹುಳಗಳು ಹುಟ್ಟುವುದು ಬೇಸಿಗೆ ಮುಗಿಯುವಾಗ. ಅಂದರೆ ಚಳಿ ಬಂದ ಮೇಲೆ ನಾನು ಏನೇ ಮಾಡಿದ್ದರೂ ತಡವಾಗಿತ್ತು.

ಮುಂದಿನ ವರ್ಷ ಬಿಸಿಲು ಇನ್ನೂ ಜೋರಾಗಿದ್ದಾಗಲೇ ಶುರು ಮಾಡಿದೆ. ಆಗ ನಾಲ್ಕು ಪೆಟ್ಟಿಗೆಗಳಿದ್ದವು. ಮರಿಗಳಿದ್ದ ಎರಿಯಿಂದ, ರಾಣಿ ಅದರಲ್ಲಿಲ್ಲ ಅಂತ ಎರಡೆರಡು ಸಲ ನೋಡಿ, ಅರ್ಧ ಕಪ್ ಹುಳ ಬಾಟಲಿಗೆ ಹಾಕಿದೆ. ಅಷ್ಟರಲ್ಲಿ ಸುಮಾರು 300 ಹುಳ ಇರುತ್ತವೆ. ಮೇಲೆ ಜಾಲರಿ ಮುಚ್ಚಳ ಹಾಕಿ, ಪುಡಿ ಸಕ್ಕರೆ ಉದುರಿಸಿ, ಮೆಲ್ಲಗೆ ಹೊರಳಿಸಿದೆ. ಒಂದೆರಡು ನಿಮಿಷ ಬಿಟ್ಟು ಬಿಳಿ ತಟ್ಟೆಯ ಮೇಲೆ ಬೋರಲು ಮಾಡಿ ಅಲ್ಲಾಡಿಸಿದರೆ ಸಕ್ಕರೆಯ ಜೊತೆ ನುಸಿಯೂ ಬಿತ್ತು. ನೀರು ಚಿಮುಕಿಸಿದೆ. ಸಕ್ಕರೆ ಕರಗಿ ಹನ್ನೊಂದು ಕೆಂಪು ಚುಕ್ಕೆ ಉಳಿದವು, ಒಂದೆರಡು ಇನ್ನೂ ಕಾಲಾಡಿಸುತ್ತಿದ್ದವು. ನೂರಕ್ಕೆ ಮೂರು ದಾಟಿದರೆ ಸುಮ್ನೆ ಕೂರುವ ಹಾಗಿಲ್ಲ. ಬಾಟಲಿಯ ಹುಳಗಳು ಹಿಟ್ಟು ಮೆತ್ತಿದಂತೆ ಬೆಳ್ಳಗಾಗಿ ಮನೆ ಸೇರಿದವು. ಒಳಗಿದ್ದವು ಓಡಿ ಬಂದು ಅವುಗಳ ಮೈ ನೆಕ್ಕತೊಡಗಿದವು. ನಮ್ಮ ಪಾಲಿನ ಜೇನನ್ನು ತೆಗೆದಾದ ಮೇಲೆ ನಾಲ್ಕಕ್ಕೂ ನುಸಿ ಕೊಲ್ಲುವ ಔಷಧಿ ಥೈಮಾಲ್ ಇಟ್ಟೆ.

ಆಮೇಲೆ ಅವುಗಳ ಚಳಿಗಾಲದ ಆಹಾರಕ್ಕೆ ಪಾಕ. ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು. ಸಂಜೆ ಹೊತ್ತೇ ಇಡುತ್ತಿದ್ದೆ, ಬಾಗಿಲನ್ನೂ ಕಿರಿದು ಮಾಡಿದ್ದೆ. ಇಲ್ಲದಿದ್ದರೆ ಬಲವಾದ ಕುಟುಂಬದವು ಬಂದು ಬಡಪಾಯಿಗಳ ಮನೆ ದೋಚುತ್ತವೆ. ಪೆಟ್ಟಿಗೆಯ ಹಿಂಬದಿಗೆ ಕೈ ಕೊಟ್ಟು ಒಂದಿಷ್ಟು ಎತ್ತಿದರೆ ತೂಕ ಗೊತ್ತಾಗುತ್ತದೆ. ನೆಲಕ್ಕೆ ಮೊಳೆ ಹೊಡೆದಂತೆ ಕದಲದಿದ್ದರೆ ನನಗೆ ನೆಮ್ಮದಿ.

ಕೊನೆಯ ಸಲ ತೆರೆದದ್ದು ಗಾಳಿಯಿಲ್ಲದ ಒಂದು ಮಧ್ಯಾಹ್ನ. ಬಾಗಿಲಲ್ಲಿ ಗಂಡು ಜೇನುಗಳನ್ನು ರೆಕ್ಕೆ ಹಿಡಿದು ಹೊರಗೆ ಎಳೆಯುತ್ತಿದ್ದರು ಅಕ್ಕತಂಗಿಯರು. ದಪ್ಪ ಕಣ್ಣಿನ ಒಂದು ಗಂಡು ಮೂರು ಸಲ ಒಳಗೆ ನುಗ್ಗಿತು, ಮೂರು ಸಲವೂ ಕೆಳಗೆ ಬಿತ್ತು. ನೋಡಲು ಕಷ್ಟವಾಯಿತು. ಆದರೆ ಚಳಿಗಾಲದಲ್ಲಿ ತಿನ್ನುವ ಒಂದೊಂದು ಬಾಯಿಗೂ ಲೆಕ್ಕವಿದೆ.

ಮೂರನೆಯ ಪೆಟ್ಟಿಗೆಯಲ್ಲಿ ಹುಳ ತೀರಾ ಕಡಿಮೆ ಇದ್ದವು. ಅದರ ರಾಣಿಯನ್ನು ತೆಗೆಯಬೇಕಾಯಿತು. ಎರಡನೆಯ ಪೆಟ್ಟಿಗೆಯ ಮೇಲೆ ಒಂದು ನ್ಯೂಸ್‌ಪೇಪರ್ ಹಾಸಿ, ಸಣ್ಣ ಗೀರು ಹಾಕಿ, ಅದರ ಮೇಲೆ ಇದನ್ನು ಕೂರಿಸಿದೆ. ಕಾಗದ ಕಚ್ಚಿ ತೆಗೆಯುವಷ್ಟರಲ್ಲಿ ಎರಡರ ವಾಸನೆಯೂ ಬೆರೆತು, ಜಗಳವಾಗದೆ ಒಂದಾಗುತ್ತವೆ. ಕೆಲವು ದಿನದ ಮೇಲೆ ಬಾಗಿಲ ಮುಂದೆ ಕಾಗದದ ಚೂರು ಬಿದ್ದಿದ್ದು ನೋಡಿ ಜೀವ ಹಗುರಾಯಿತು.

ಕೆಲಸಗಾರ ಹುಳಗಳನ್ನು ಬಿಟ್ಟು, ರಾಣಿ ಮೇಲೆ ಹೋಗದಂತೆ ತಡೆಯುವ ಜಾಲರಿಯನ್ನು ತೆಗೆದೆ. ಅದಿದ್ದರೆ ಗುಂಪು ಜೇನನ್ನು ಹುಡುಕಿ ಮೇಲೆ ಹೋಗುತ್ತದೆ, ರಾಣಿ ಒಂಟಿಯಾಗಿ ಕೆಳಗೇ ಉಳಿದು ಸಾಯುತ್ತದೆ. ಇಲಿ ನುಗ್ಗದಂತೆ ಬಾಗಿಲಿಗೆ ತಗಡು ಬಡಿದೆ, ನೀರು ಹರಿದುಹೋಗಲು ಪೆಟ್ಟಿಗೆಯನ್ನು ಮುಂದಕ್ಕೆ ತುಸು ವಾಲಿಸಿದೆ. ಮೇಲ್ಗಡೆ ಬೆರಳು ಹಿಡಿಸುವಷ್ಟು ಒಂದು ತೂತು ಬಿಟ್ಟೆ, ಆವಿಗೆ. ಮುಚ್ಚಳದ ಒಳಗಡೆ ಮರದ ಹೊಟ್ಟಿನ ಚೀಲ ಇಟ್ಟೆ.

ಹಿಮ ಬಿದ್ದ ಮೇಲೆ ಒಂದು ಸಲವೂ ತೆರೆಯಲಿಲ್ಲ. ಕಿವಿ ಇಟ್ಟು ಕೇಳುತ್ತಿದ್ದೆ ಅಷ್ಟೇ. ಚಳಿಗಾಲದ ನಡುವೆ ಒಂದು ದಿನ ಚೆನ್ನಾಗಿ ಬಿಸಿಲು ಬಂತು. ಜೇನು ಗೂಡಿನೊಳಗೆ ಹೊಲಸು ಮಾಡುವುದಿಲ್ಲ, ವಾರಗಟ್ಟಲೆ ತಡೆದುಕೊಂಡು ಇಂಥ ದಿನಕ್ಕೆ ಕಾಯುತ್ತದೆ. ಸಂಜೆ ಹೋಗಿ ನೋಡಿದರೆ ಮೂರೂ ಪೆಟ್ಟಿಗೆಗಳ ಮುಂದೆ ಹಿಮದ ತುಂಬಾ ಹಳದಿ ಚುಕ್ಕೆ. ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.