ಬೆನ್ನಿಗೆ ಬೀಳಬೇಕಾದ ಬಿಸಿಲು

ಬೇಸಿಗೆ ರಜೆಗೆಂದು ಅಕ್ಕನ ಮಗಳು ಸಾಗರದ ನಮ್ಮ ಮನೆಗೆ ಬಂದಿದ್ದಳು. ಹನ್ನೊಂದು ವರ್ಷ. ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಹುಡುಗಿ. ನಾನು ಎರಡು ವರ್ಷ ಕೂತು ಬರೆದಿದ್ದ ಮಕ್ಕಳ ಕಾದಂಬರಿಯ ಹಸ್ತಪ್ರತಿಯನ್ನು ಅವಳ ಕೈಗಿತ್ತೆ. 140 ಪುಟ. ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರಿನ ದೇವಸ್ಥಾನದ ಗಂಟೆಯನ್ನು ಹುಡುಕಿಕೊಂಡು ಮೂವರು ಮಕ್ಕಳು ಹೊರಡುವ ಕತೆ. ಓದಿದ ಇಬ್ಬರು ಗೆಳೆಯರು ಚೆನ್ನಾಗಿದೆ ಎಂದಿದ್ದರು. ಆದರೆ ಇಬ್ಬರಿಗೂ ಐವತ್ತು ದಾಟಿದೆ.

ಕೊಡುವಾಗ ಅವಳಿಗೊಂದು ನಿಜ ಸಂಗತಿ ಹೇಳಿದೆ. 1936ರಲ್ಲಿ ಟೋಲ್ಕಿನ್ ಅವರ ‘ದಿ ಹಾಬಿಟ್’ ಹಸ್ತಪ್ರತಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಅವರಿಗೆ ತಲುಪಿದಾಗ, ಅವರು ಅದನ್ನು ಹತ್ತು ವರ್ಷದ ಮಗ ರೇನರ್‌ಗೆ ಓದಲು ಕೊಟ್ಟರು. ಭೂಪಟಗಳಿದ್ದರೆ ಈ ಪುಸ್ತಕಕ್ಕೆ ಚಿತ್ರಗಳೇ ಬೇಡ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಇದು ಹಿಡಿಸುತ್ತದೆ ಎಂದು ಅವನು ಬರೆದುಕೊಟ್ಟ. ಅದಕ್ಕೆ ಸಿಕ್ಕ ಕೂಲಿ ಒಂದು ಶಿಲ್ಲಿಂಗ್. ಮರುವರ್ಷವೇ ಪುಸ್ತಕ ಹೊರಬಂತು.

“ನನಗೆಷ್ಟು ಕೊಡುತ್ತೀಯ, ಮಾವ?” ಎಂದಳು. ಹತ್ತು ರೂಪಾಯಿಗೆ ಮಾತು ಮುಗಿಯಿತು.

ಮೂರನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿತ್ತು. ಕಾಗೆ ಓಡಿಸಲು ಒಂದು ಕೋಲು ಪಕ್ಕದಲ್ಲಿಟ್ಟುಕೊಂಡು, ತೊಡೆಯ ಮೇಲೆ ಹಸ್ತಪ್ರತಿಯನ್ನು ಹರಡಿಕೊಂಡು ಜಗಲಿಯಲ್ಲಿ ಕೂತಿದ್ದವಳು ನನ್ನನ್ನು ಕರೆದಳು.

“ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಕಳಸವಳ್ಳಿಯ ದಡಕ್ಕೆ ಹೋಗುವಾಗ ಇವರ ಮುಖ ಯಾವ ದಿಕ್ಕಿಗಿರುತ್ತದೆ?”

“ಪಡುವಣಕ್ಕೆ.”

“ಬೆಳಗ್ಗೆ ಎಂಟು ಗಂಟೆ ಎಂದು ಬರೆದಿದ್ದೀಯ. ಮತ್ತೆ ಬಿಸಿಲು ಕಣ್ಣಿಗೆ ಹೊಡೆದದ್ದು ಹೇಗೆ? ಬೆನ್ನಿಗಲ್ಲವೇ ಬೀಳಬೇಕು?”

ಈಗ ಅಲ್ಲಿ ಸೇತುವೆಯಾಗಿದೆ. ನನ್ನ ಕತೆ ಲಾಂಚಿನ ಕಾಲದ್ದು. ಆ ಲಾಂಚಿನಲ್ಲಿ ನಾನು ಲೆಕ್ಕವಿಲ್ಲದಷ್ಟು ಸಲ ನಿಂತಿದ್ದೇನೆ. ಬೆನ್ನು ಕಾಯಿಸುತ್ತಿದ್ದ ಬಿಸಿಲು ನನಗೆ ಗೊತ್ತಿತ್ತು. ಬರೆಯುವಾಗ ಮಾತ್ರ ವಾಕ್ಯದ ಚಂದಕ್ಕೆ ಸೂರ್ಯನನ್ನೇ ಎದುರಿಗೆ ತಂದು ನಿಲ್ಲಿಸಿದ್ದೆ.

ಅವಳು ಒಂದು ಹಾಳೆಯನ್ನು ಮಗುಚಿದಳು. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಭೂಪಟವಿತ್ತು. ಹಿನ್ನೀರು, ಎರಡು ದಡ, ನಡುವೆ ಗುಡ್ಡ, ಬೇಸಿಗೆಯಲ್ಲಿ ನೀರು ಇಳಿದಾಗ ತಲೆಯೆತ್ತುವ ಮಡೇನೂರಿನ ಹಳೆಯ ಅಣೆಕಟ್ಟು. 1964ರ ಲಿಂಗನಮಕ್ಕಿ ಅಣೆಕಟ್ಟಿನ ನೀರು ಊರುಗಳನ್ನಷ್ಟೇ ಅಲ್ಲ, ಅದೇ ಹೊಳೆಗೆ ಮೊದಲು ಕಟ್ಟಿದ್ದ ಆ ಅಣೆಕಟ್ಟನ್ನೂ ಮುಳುಗಿಸಿತು ಎಂಬ ಸಂಗತಿ ಅವಳಿಗೆ ಬಹಳ ಇಷ್ಟವಾಗಿತ್ತು. ಓದುತ್ತ ಓದುತ್ತ ಕತೆಯಲ್ಲಿ ಬಂದದ್ದನ್ನೆಲ್ಲ ಅಲ್ಲಲ್ಲೇ ಗುರುತು ಮಾಡಿದ್ದಳು. ಗಂಟೆ ಎಲ್ಲಿದೆ ಎಂಬುದಕ್ಕೆ ಗುರುತಾದ ನೇರಳೆ ಮರ ಮಾತ್ರ ಎರಡು ಕಡೆ ಇತ್ತು. ಗುಡ್ಡದ ಎಡಕ್ಕೊಂದು, ಬಲಕ್ಕೊಂದು. ಎರಡರ ಪಕ್ಕದಲ್ಲೂ ಪ್ರಶ್ನೆಯ ಚಿಹ್ನೆ.

ಸ್ಟೀವನ್ಸನ್ ನೆನಪಾದರು. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ, ಮಳೆಯಿಂದ ಮನೆಯೊಳಗೇ ಕೂರಬೇಕಾದ ದಿನಗಳಲ್ಲಿ, ಹದಿಮೂರರ ಮಲಮಗ ಲಾಯ್ಡ್‌ನ ಜೊತೆ ಅವರು ಒಂದು ದ್ವೀಪದ ಭೂಪಟ ಬರೆದರು. ‘ಟ್ರೆಷರ್ ಐಲೆಂಡ್’ ಹುಟ್ಟಿದ್ದು ಆ ಭೂಪಟದಿಂದ. ಆಮೇಲೆ ಪ್ರಕಾಶಕರಿಗೆ ಕಳಿಸಿದ ಭೂಪಟ ಕಳೆದುಹೋಯಿತು. ತಮ್ಮದೇ ಕತೆಯನ್ನು ಸಾಲು ಸಾಲಾಗಿ ಓದಿ, ಅಳತೆಗಳನ್ನು ಹೊಂದಿಸಿ, ಅವರು ಹೊಸದನ್ನು ಬರೆಯಬೇಕಾಯಿತು. ಇದನ್ನು ಎಷ್ಟೋ ಸಲ ಓದಿದ್ದೆ. ಆ ಕೆಲಸ ಎಂಥದೆಂದು ಮನಸ್ಸಿಗೆ ತಟ್ಟಿದ್ದು ಎರಡು ನೇರಳೆ ಮರಗಳನ್ನು ಕಂಡ ಮೇಲೆಯೇ.

ಮುಂದಿನ ತಕರಾರು ನನ್ನ ಮಾಯದ ಕಲ್ಲಿನ ಮೇಲೆ. “ಇವರು ಸಿಕ್ಕಿಬಿದ್ದಾಗಲೆಲ್ಲ ಕಲ್ಲು ಹೊಳೆಯುತ್ತದೆ. ಎರಡನೆಯ ಸಲದಿಂದ ನನಗೆ ಹೆದರಿಕೆಯೇ ಆಗಲಿಲ್ಲ,” ಎಂದಳು. ‘ದಿ ಹಾಬಿಟ್’ನ ನಾಯಕ ಬಿಲ್ಬೋನ ಮಾಯದ ಉಂಗುರ ಅವನನ್ನು ಕಾಣದಂತೆ ಮಾಡಿದರೂ ಬಿಸಿಲಿನಲ್ಲಿ ಅವನ ನೆರಳನ್ನು ಅಡಗಿಸಲಾರದು. ಬಾಗಿಲ ಸಂದಿಯಿಂದ ನುಸುಳುವಾಗ ಅವನ ಕೋಟಿನ ಗುಂಡಿಗಳು ಕಿತ್ತುಹೋಗುತ್ತವೆ. ಆ ಗುಂಡಿಗಳಿಂದಲೇ ತಾನು ಉಂಗುರವನ್ನು ನಂಬಿದ್ದು ಎಂದಳು. ಮಾಯೆ ಇದ್ದ ಕಡೆ ಏನು ಬೇಕಾದರೂ ನಡೆಯಬಹುದು ಎಂದು ದೊಡ್ಡವರು ತಿಳಿದಿರುತ್ತೇವೆ. ಮಕ್ಕಳು ಒಪ್ಪುವುದಿಲ್ಲ. ಮಾಯೆಗೂ ಕಟ್ಟುಪಾಡು ಇರಲೇಬೇಕು ಅವರಿಗೆ. ಅವರು ಹೇಳುವುದೇ ಸರಿ.

ಕತೆಯಲ್ಲಿ ಹುಡುಗಿಯರು ಬೇಡ ಎಂದು ಲಾಯ್ಡ್ ಹಟ ಹಿಡಿದಿದ್ದನ್ನೂ, ಸ್ಟೀವನ್ಸನ್ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಂಡಿದ್ದನ್ನೂ ಹೇಳಿದೆ. ಅವಳ ಮುಖ ಕೆಂಪಾಯಿತು. “ಅದು ಅವನೊಬ್ಬನ ಅಭಿಪ್ರಾಯ. ನಿನ್ನ ಕತೆಯಲ್ಲಿ ಹುಡುಗಿ ಇದ್ದಾಳೆ, ದೋಣಿ ಕಾಯುತ್ತ ಕೂತಿದ್ದಾಳೆ. ಈಜು ಚೆನ್ನಾಗಿ ಬರುವುದು ಅವಳಿಗೇ ಎಂದು ನೀನೇ ಬರೆದು, ನೀರಿಗೆ ಇಳಿಸಿದ್ದು ಹುಡುಗರನ್ನು!” ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಅಷ್ಟರಲ್ಲಿ ಕಾಗೆ ಬಂತು. ಕೋಲು ಹಿಡಿದು ಓಡಿದಳು, ಹಿಂದಿರುಗಿ ಬಂದು ಕೊನೆಯ ಅಧ್ಯಾಯವನ್ನು ತೆರೆದಳು. ಏಳು ಪುಟಗಳ ಮೇಲೂ ಮೂಲೆಯಿಂದ ಮೂಲೆಗೆ ತೆಳುವಾದ ಗೆರೆ. ಮಕ್ಕಳು ಊರಿಗೆ ಮರಳಿದ ಮೇಲೆ ಮೇಷ್ಟರು ಅವರಿಗೆ ಕಾಡು, ನೀರು, ಹಿರಿಯರ ಮಾತು ಇವುಗಳ ಬಗ್ಗೆ ತಿಳಿಹೇಳುವ ಅಧ್ಯಾಯ ಅದು. ನನಗೆ ಅತ್ಯಂತ ಪ್ರಿಯವಾಗಿತ್ತು.

“ಇದು ಪಾಠ, ಮಾವ. ‘ಕರ್ವಾಲೊ’ದಲ್ಲಿ ಹಾರುವ ಓತಿ ಕಣಿವೆಗೆ ಹಾರಿಹೋಗುತ್ತದಲ್ಲ, ಆಮೇಲೆ ಯಾರೂ ಬಂದು ಅದರ ಅರ್ಥ ಹೇಳುವುದಿಲ್ಲ. ನಾನು ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.”

ತೇಜಸ್ವಿಯವರು ಅದನ್ನು ಮಕ್ಕಳಿಗೆಂದು ಬರೆದವರಲ್ಲ. ಹನ್ನೊಂದರ ಹುಡುಗಿ ಅದನ್ನು ತನ್ನದಾಗಿ ಮಾಡಿಕೊಂಡಿದ್ದಳು. ಮಕ್ಕಳಿಗೆಂದೇ ನಾವು ಬರೆಯುವ ಪುಸ್ತಕಗಳಲ್ಲಿ ಎಷ್ಟೊಂದು ಮೇಷ್ಟರುಗಳು ಕೊನೆಯ ಪುಟದಲ್ಲಿ ಕಾದು ನಿಂತಿರುತ್ತಾರೆ! ಓದುವ ಮಗು ಗುಡ್ಡ ಹತ್ತಿ, ಹೊಳೆ ದಾಟಿ, ದಣಿದು ಬಂದಿರುತ್ತದೆ. ಅದನ್ನು ಮತ್ತೆ ಬೆಂಚಿನ ಮೇಲೆ ಕೂರಿಸುತ್ತೇವೆ. ನಾನೂ ಕೂರಿಸಿದ್ದೆ. ನೋವಾಯಿತು ನಿಜ, ಆದರೆ ಏಳು ಪುಟಗಳನ್ನೂ ಅಲ್ಲೇ ಬಿಚ್ಚಿ ತೆಗೆದೆ.

ಹತ್ತು ರೂಪಾಯಿ ಕೊಡಹೋದರೆ ಕೈ ಹಿಂದಕ್ಕೆ ಎಳೆದುಕೊಂಡಳು. “ಇನ್ನೊಮ್ಮೆ ಬರೆದುಕೊಡು, ಅದನ್ನು ಓದಿದ ಮೇಲೆ ತೆಗೆದುಕೊಳ್ಳುತ್ತೇನೆ. ಈಗ ಮರ ಎಲ್ಲಿದೆ ಹೇಳು.”

ಕಣ್ಣು ಮುಚ್ಚಿ ಆ ದಡವನ್ನು ನೆನೆದುಕೊಂಡೆ. ಬೆನ್ನಿಗೆ ಬಿಸಿಲು, ಎದುರಿಗೆ ಗುಡ್ಡ.

“ಎಡಕ್ಕೆ,” ಎಂದೆ.

ಅವಳು ರಬ್ಬರ್ ತೆಗೆದುಕೊಂಡು ಬಲಗಡೆಯ ಮರವನ್ನು ಅಳಿಸತೊಡಗಿದಳು.