ಕಾಲೇಜು ಬೇಸ್‌ಬಾಲ್: ಎಲ್ಲಿ ಕೂರಬೇಕು, ಏನು ನೋಡಬೇಕು

ಅಮೆರಿಕದ ಕಾಲೇಜು ಬೇಸ್‌ಬಾಲ್ ಫೆಬ್ರವರಿ ಮಧ್ಯದಲ್ಲಿ ಶುರುವಾಗಿ, ಜೂನ್‌ನಲ್ಲಿ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ ನಡೆಯುವ ಅಂತಿಮ ಟೂರ್ನಿ ಕಾಲೇಜ್ ವರ್ಲ್ಡ್ ಸೀರೀಸ್‌ನೊಂದಿಗೆ ಮುಗಿಯುತ್ತದೆ. ಸಾಮಾನ್ಯವಾಗಿ ಶುಕ್ರವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯ ಜೊತೆ ಮೂರು ಪಂದ್ಯ. ಒಂದೇ ದಿನ ಬಿಡುವಿದ್ದರೆ ಶುಕ್ರವಾರಕ್ಕೇ ಹೋಗಿ. ತಂಡದ ಅತ್ಯುತ್ತಮ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವನು) ಹೆಚ್ಚಾಗಿ ಅಂದೇ ಕಣಕ್ಕಿಳಿಯುತ್ತಾನೆ. ಮಂಗಳವಾರ, ಬುಧವಾರದ ಪಂದ್ಯಗಳಲ್ಲಿ ಪಿಚರ್‌ಗಳು ಮೇಲಿಂದ ಮೇಲೆ ಬದಲಾಗುತ್ತಾರೆ, ಆಟ ಎಳೆಯುತ್ತದೆ.

ಟಿಕೆಟ್‌ಗಿಂತ ಮೊದಲು ಬಿಸಿಲಿನ ಲೆಕ್ಕ ಹಾಕಿ. ಬಹಳಷ್ಟು ಮೈದಾನಗಳಲ್ಲಿ ಬ್ಯಾಟರ್ ಈಶಾನ್ಯದ ಆಸುಪಾಸಿಗೆ ಮುಖ ಮಾಡಿರುತ್ತಾನೆ. ಹಾಗಾಗಿ ಮೂರನೇ ಬೇಸ್ ಬದಿ, ಅಂದರೆ ಬ್ಯಾಟರ್ ನೋಡುವ ದಿಕ್ಕಿನ ಎಡಕ್ಕೆ, ಕೂತವರಿಗೆ ಮಧ್ಯಾಹ್ನದ ಸೂರ್ಯ ಬೆನ್ನಿಗೆ. ಬಲಗಡೆ ದೂರದಲ್ಲಿ ನಿಲ್ಲುವ ರೈಟ್ ಫೀಲ್ಡರ್‌ಗೆ ಕಣ್ಣಿಗೇ. ಎತ್ತರದ ಕ್ಯಾಚ್‌ಗಳು ಅಲ್ಲಿ ಕೈತಪ್ಪುವುದಕ್ಕೆ ಅರ್ಧ ಕಾರಣ ಅದೇ. ರಕ್ಷಣಾ ಬಲೆ ಇಲ್ಲದ ಕಡೆ ಕೂತರೆ ಫೋನ್ ಜೇಬಲ್ಲಿರಲಿ, ಫೌಲ್ ಬಾಲ್ (ಗೆರೆಯಾಚೆಗೆ ಸಿಡಿದ ಚೆಂಡು) ಹೇಳಿ ಬರುವುದಿಲ್ಲ. ಪಾರದರ್ಶಕ ಚೀಲವನ್ನಷ್ಟೇ ಒಳಗೆ ಬಿಡುವ ಮೈದಾನಗಳೂ ಇವೆ, ಮೊದಲೇ ನೋಡಿಕೊಳ್ಳಿ.

ಇಲ್ಲಿ ಲೋಹದ ಬ್ಯಾಟ್‌ಗೆ ಅನುಮತಿಯಿದೆ, ಆ ಟಣ್ ಸದ್ದು ಅದರದ್ದೇ. ಚೆಂಡು ವಿಪರೀತ ಚಿಮ್ಮದಂತೆ 2011ರಿಂದ ಬಿಗಿ ಮಾನದಂಡ ಜಾರಿಯಲ್ಲಿದೆ.

ಸ್ಕೋರ್ ಬರೆಯಲು ಪೆನ್ಸಿಲ್ ಒಯ್ಯಿರಿ. ಪ್ರತಿ ಫೀಲ್ಡಿಂಗ್ ಸ್ಥಾನಕ್ಕೂ ಒಂದು ಸಂಖ್ಯೆ ಇದೆ. ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಅನೇಕರು ಎಡವುವುದು ಇಲ್ಲೇ: ಶಾರ್ಟ್‌ಸ್ಟಾಪ್ 5 ಅಲ್ಲ. ಚೆಂಡು ಶಾರ್ಟ್‌ಸ್ಟಾಪ್‌ನಿಂದ ಎರಡನೇ ಬೇಸ್‌ಗೆ, ಅಲ್ಲಿಂದ ಮೊದಲ ಬೇಸ್‌ಗೆ ಹೋಗಿ ಇಬ್ಬರು ಔಟಾದರೆ, 6-4-3 ಎಂದು ಬರೆದರೆ ಆ ಡಬಲ್ ಪ್ಲೇ ಪೂರ್ತಿ ದಾಖಲಾಯಿತು. ಪಂದ್ಯ 9 ಇನ್ನಿಂಗ್ಸ್. ಆದರೆ 7ರ ನಂತರ 10 ರನ್ ಅಂತರವಿದ್ದರೆ ಅಲ್ಲಿಗೇ ಮುಗಿಯುವುದೂ ಉಂಟು.