ಬೇರೆ ಇಟ್ಟ ಲೋಟ

ಚಿಕ್ಕಮ್ಮನ ಮಗನ ಕುತ್ತಿಗೆಯ ಎಡಗಡೆ ನೆಲ್ಲಿಕಾಯಿ ಗಾತ್ರದ ಗಂಟೊಂದು ಕಾಣಿಸಿಕೊಂಡಾಗ ಊರಿನ ವೈದ್ಯರು ಮೊದಲು ಶಂಕಿಸಿದ್ದು ಕ್ಷಯವನ್ನು. ನಮ್ಮ ಕಡೆ ಕುತ್ತಿಗೆಯ ಗಂಟಿಗೆ ಕ್ಷಯ ಬಹು ಸಾಮಾನ್ಯವಾದ ಕಾರಣವಾದ್ದರಿಂದ ಆ ಶಂಕೆಯನ್ನು ತಪ್ಪೆನ್ನಲಾಗದು. ಎರಡು ತಿಂಗಳು ಮಾತ್ರೆ ನುಂಗಿದರೂ ಗಂಟು ಕರಗದಿದ್ದಾಗ ಗ್ರಂಥಿಯನ್ನೇ ತೆಗೆದು ಬಯಾಪ್ಸಿಗೆ ಕಳುಹಿಸಿದರು. ವರದಿಯಲ್ಲಿ ಹಾಜ್ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್, ಎಂದು ಬರೆದಿತ್ತು; ಅದರ ಕೆಳಗಿನ ಸಾಲಿನಲ್ಲಿ ‘ಇಬಿಇಆರ್ ಪಾಸಿಟಿವ್’ ಎಂದಿತ್ತು. ಗಂಟಿನ ಕ್ಯಾನ್ಸರ್ ಕೋಶಗಳ ಒಳಗೆ ಎಪ್‌ಸ್ಟೀನ್-ಬಾರ್ ಎಂಬ ವೈರಸ್ ಇದೆ ಎಂಬುದು ಅದರ ಅರ್ಥ. ಮರುದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಅವನ ಸ್ಟೀಲ್ ಲೋಟ, ತಟ್ಟೆ, ಚಮಚಗಳು ಪಾತ್ರೆಯ ಸ್ಟ್ಯಾಂಡಿನಿಂದ ಇಳಿದು ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಕುಳಿತಿದ್ದವು. “ಇದು ಅಂಟೋ ಕಾಯಿಲೆನಾ? ಮನೇಲಿ ಮಗು ಬೇರೆ ಇದೆ” ಎಂದು ಚಿಕ್ಕಮ್ಮ ದನಿ ತಗ್ಗಿಸಿ ಕೇಳಿದರು.

ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಅದು ಅರ್ಧ ಉತ್ತರವಾಗುತ್ತಿತ್ತು. ವೈರಸ್ ಅಂಟುತ್ತದೆ, ಕ್ಯಾನ್ಸರ್ ಅಂಟುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಎಷ್ಟು ದೂರದ್ದು, ಅದರಲ್ಲಿ ಎಷ್ಟು ಅಡ್ಡಿಗಳಿವೆ ಎಂಬುದನ್ನು ತಿಳಿಯಲು ಉಗಾಂಡಾದವರೆಗೆ ಹೋಗಿಬರಬೇಕಾಗುತ್ತದೆ.

1957ರಲ್ಲಿ ಕಂಪಾಲಾದ ಮುಲಾಗೋ ಆಸ್ಪತ್ರೆಯಲ್ಲಿದ್ದ ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಒಬ್ಬ ಪುಟ್ಟ ಹುಡುಗನನ್ನು ನೋಡಿದರು. ಮೇಲಿನ ಮತ್ತು ಕೆಳಗಿನ ದವಡೆಗಳೆರಡೂ ಎರಡೂ ಬದಿಯಲ್ಲಿ ಊದಿಕೊಂಡಿದ್ದವು. ಸೋಂಕಾಗಲಿ ಸಾಮಾನ್ಯ ಗಡ್ಡೆಯಾಗಲಿ ಹೀಗೆ ನಾಲ್ಕೂ ಕಡೆ ಏಕಕಾಲಕ್ಕೆ ಬರುವುದು ವಿಚಿತ್ರವೆನಿಸಿತು. ಕೆಲವೇ ವಾರಗಳಲ್ಲಿ ಬೇರೊಂದು ಊರಿನಲ್ಲಿ ಅಂಥದೇ ಇನ್ನೊಂದು ಮಗು ಕಣ್ಣಿಗೆ ಬಿದ್ದಿತು. 1961ರಲ್ಲಿ ಅವರು ಇಬ್ಬರು ವೈದ್ಯ ಗೆಳೆಯರೊಡನೆ ಹಳೆಯ ಫೋರ್ಡ್ ಕಾರೊಂದರಲ್ಲಿ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳನ್ನು ಹುಡುಕಿಕೊಂಡು ಸುಮಾರು 16,000 ಕಿಲೋಮೀಟರ್ ಸುತ್ತಿ, ಈ ಗಡ್ಡೆ ಎಲ್ಲೆಲ್ಲಿ ಉಂಟು, ಎಲ್ಲೆಲ್ಲಿ ಇಲ್ಲ ಎಂದು ಗುರುತಿಸುತ್ತಾ ಹೋದರು. ಮಳೆ ಚೆನ್ನಾಗಿ ಬಿದ್ದು ಚಳಿ ಕಡಿಮೆಯಿರುವ ಕಡೆಗಳಲ್ಲಿ ಅದು ಇತ್ತು. ಎತ್ತರದ, ತಂಪಾದ ಪ್ರದೇಶಗಳಲ್ಲಿ ಇರಲಿಲ್ಲ. ಸೊಳ್ಳೆಯೇ ಯಾವುದೋ ವೈರಸ್ಸನ್ನು ಹೊತ್ತು ತರುತ್ತಿರಬೇಕೆಂದು ಅವರು ಊಹಿಸಿದರು. ಊಹೆ ತಪ್ಪಾಗಿತ್ತು, ಆದರೆ ಎಂಥ ಫಲವತ್ತಾದ ತಪ್ಪು! ವೈರಸ್ ಇದ್ದದ್ದು ನಿಜ, ಸೊಳ್ಳೆಯ ಕೈವಾಡವಿದ್ದದ್ದೂ ನಿಜ. ಸೊಳ್ಳೆ ತರುತ್ತಿದ್ದುದು ಮಾತ್ರ ವೈರಸ್ಸನ್ನಲ್ಲ, ಮಲೇರಿಯಾವನ್ನು.

ಅದೇ ವರ್ಷ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಬರ್ಕಿಟ್ ಕೊಟ್ಟ ಉಪನ್ಯಾಸವನ್ನು ಆಂಥೊನಿ ಎಪ್‌ಸ್ಟೀನ್ ಕೇಳಿಸಿಕೊಂಡರು. ಕೋಳಿಗಳಲ್ಲಿ ಗಡ್ಡೆ ಎಬ್ಬಿಸುವ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದ ಅವರಿಗೆ ಇದೂ ವೈರಸ್ಸಿನದೇ ಆಟವೆಂದು ಹೊಳೆಯಿತು. ಮುಂದೆ ಎರಡು ವರ್ಷ ಕಂಪಾಲಾದಿಂದ ವಿಮಾನದಲ್ಲಿ ಗಡ್ಡೆಯ ತುಣುಕುಗಳು ಬರುತ್ತಲೇ ಇದ್ದವು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುತ್ತಿರಲಿಲ್ಲ. 1963ರ ಡಿಸೆಂಬರಿನಲ್ಲಿ ಲಂಡನ್ನಿಗೆ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿನಲ್ಲಿ ಇಳಿಯಿತು. ತಡವಾಗಿ ಕೈಸೇರಿದ ಸೀಸೆಯ ದ್ರವ ಕದಡಿದಂತಿತ್ತು. ಬ್ಯಾಕ್ಟೀರಿಯಾ ಸೇರಿ ಕೆಟ್ಟಿದೆಯೆಂದು ಯಾರಾದರೂ ಚೆಲ್ಲಿಬಿಡಬಹುದಾಗಿದ್ದ ಆ ದ್ರವದ ಒಂದು ಹನಿಯನ್ನು ಎಪ್‌ಸ್ಟೀನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಗಡ್ಡೆಯಿಂದ ಕಳಚಿಕೊಂಡ ಕೋಶಗಳು ಜೀವಂತವಾಗಿ ತೇಲುತ್ತಿದ್ದವು. ಅವನ್ನು ಹಾಗೆಯೇ ತೇಲುವಂತೆ ಬಿಟ್ಟು ಬೆಳೆಸುವುದು ಸಾಧ್ಯವಾಯಿತು. ಆ ಕೋಶಗಳೊಳಗೆ 1964ರ ಫೆಬ್ರವರಿಯಲ್ಲಿ ಹರ್ಪಿಸ್ ಜಾತಿಯ ಹೊಸ ವೈರಸ್ ಕಾಣಿಸಿತು. ಮುಂದಿನ ತಿಂಗಳು ಪ್ರಕಟವಾದ ಲೇಖನದಲ್ಲಿ ಎಪ್‌ಸ್ಟೀನ್, ಬರ್ಟ್ ಅಚಾಂಗ್, ಇವಾನ್ ಬಾರ್ ಮೂವರ ಹೆಸರೂ ಇತ್ತು. ವೈರಸ್ಸಿಗೆ ಮಾತ್ರ ಇಬ್ಬರ ಹೆಸರು ಉಳಿದು ಅಚಾಂಗ್ ಹೊರಗುಳಿದದ್ದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

ನಿಜವಾದ ತೊಡಕು ಆಮೇಲೆ ಶುರುವಾಯಿತು. ಫಿಲಡೆಲ್ಫಿಯಾದ ವರ್ನರ್ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿ ಪರೀಕ್ಷಿಸಿ ನೋಡಿದಾಗ, ಈ ವೈರಸ್ ಹೊಕ್ಕುಹೋದ ಕುರುಹು ಆಫ್ರಿಕಾದ ಮಕ್ಕಳ ರಕ್ತದಲ್ಲಿ ಮಾತ್ರವಲ್ಲದೆ ಆರೋಗ್ಯವಂತ ಅಮೆರಿಕನ್ನರ ರಕ್ತದಲ್ಲಿಯೂ ಇತ್ತು. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇದು ಅಂಟಿದೆಯೆಂದು ಈಗ ತಿಳಿದಿದೆ. ನಮ್ಮಂಥ ದೇಶಗಳಲ್ಲಿ ಬಹುಮಟ್ಟಿಗೆ ಎಳವೆಯಲ್ಲಿಯೇ, ಎಂಜಲಿನ ಮೂಲಕ, ಸಣ್ಣ ಜ್ವರವೆಂದು ಬಂದು ಹೋಗುತ್ತದೆ. ಹೋದಂತೆ ತೋರಿದರೂ ಬಿ ಕೋಶಗಳೆಂಬ ಬಿಳಿ ರಕ್ತಕಣಗಳಲ್ಲಿ ಕೊನೆಯವರೆಗೂ ಅಡಗಿ ಕುಳಿತಿರುತ್ತದೆ. ಅಂದಮೇಲೆ ಕಿಟಕಿಕಟ್ಟೆಗೆ ಹೋದ ಲೋಟಕ್ಕೂ ಸ್ಟ್ಯಾಂಡಿನಲ್ಲೇ ಉಳಿದ ಲೋಟಗಳಿಗೂ ಈ ವಿಷಯದಲ್ಲಿ ವ್ಯತ್ಯಾಸವಿರಲಿಲ್ಲ.

ಎಲ್ಲರಲ್ಲಿಯೂ ಇರುವುದು ಕೆಲವರಲ್ಲಿ ಮಾತ್ರ ಏಕೆ ಕ್ಯಾನ್ಸರ್ ಆಗಬೇಕು? ಇದಕ್ಕೆ ಬಿ ಕೋಶದ ಕಸುಬನ್ನೇ ನೋಡಬೇಕು. ಹೊಸ ಹೊಸ ರೋಗಾಣುಗಳಿಗೆ ತಕ್ಕ ಪ್ರತಿಕಾಯ ತಯಾರಿಸುವುದಕ್ಕಾಗಿ ಈ ಕೋಶಗಳು ದುಗ್ಧಗ್ರಂಥಿಯೊಳಗೆ ತಮ್ಮ ಡಿಎನ್ಎಯನ್ನು ತಾವೇ ಕತ್ತರಿಸಿ, ತಿದ್ದಿ, ಮತ್ತೆ ಜೋಡಿಸುತ್ತವೆ. ದೇಹದ ಬೇರೆ ಬಹುತೇಕ ಕೋಶಗಳು ಇಂಥ ಅಪಾಯದ ಕೆಲಸಕ್ಕೆ ಇಳಿಯುವುದಿಲ್ಲ. ಕತ್ತರಿ ಎಂದೋ ಒಮ್ಮೆ ಜಾರಿ, ಎಂಟನೆಯ ವರ್ಣತಂತುವಿನಲ್ಲಿರುವ ಮಿಕ್ ಎಂಬ ವಂಶವಾಹಿ ಹದಿನಾಲ್ಕನೆಯ ವರ್ಣತಂತುವಿನ ಪ್ರತಿಕಾಯದ ವಂಶವಾಹಿಯ ಪಕ್ಕಕ್ಕೆ ಬಂದು ಅಂಟಿಕೊಂಡರೆ, ಕೋಶ ಎಡೆಬಿಡದೆ ಇಮ್ಮಡಿಸತೊಡಗುತ್ತದೆ. ಆಫ್ರಿಕಾದ ಮಕ್ಕಳ ಆ ದವಡೆಯ ಗಡ್ಡೆಯ, ಅಂದರೆ ಬರ್ಕಿಟ್ ಲಿಂಫೋಮಾದ ಮೂಲ ಇದೇ. ಮತ್ತೆ ಮತ್ತೆ ಬರುವ ಮಲೇರಿಯಾ ಬಿ ಕೋಶಗಳನ್ನು ಬಿಡುವಿಲ್ಲದೆ ದುಡಿಸಿ ಕತ್ತರಿ ಜಾರುವ ಸಂದರ್ಭಗಳನ್ನು ಹೆಚ್ಚಿಸುತ್ತದೆ, ವೈರಸ್ಸಿನ ಮೇಲೆ ಕಣ್ಣಿಟ್ಟಿರುವ ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳನ್ನೂ ದುರ್ಬಲಗೊಳಿಸುತ್ತದೆ; ಸಾಮಾನ್ಯವಾಗಿ ಇಂಥ ಕೆಟ್ಟ ಕೋಶ ತಾನಾಗಿಯೇ ಸಾಯಬೇಕಾಗಿದ್ದರೆ, ಒಳಗಿನ ವೈರಸ್ ಅದನ್ನು ಸಾಯಗೊಡುವುದಿಲ್ಲ.

ಚಿಕ್ಕಮ್ಮನ ಮಗನ ಕಾಯಿಲೆಯಲ್ಲಿ ಕಥೆ ಸ್ವಲ್ಪ ಬೇರೆ. ಅವನ ಗಂಟಿನ ಸ್ಲೈಡನ್ನು ರೋಗಶಾಸ್ತ್ರಜ್ಞರು ನನಗೂ ತೋರಿಸಿದ್ದರು: ಸಣ್ಣ ಸಣ್ಣ ನೀಲಿ ಚುಕ್ಕೆಗಳ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ಕೋಶ, ಅದರೊಳಗೆ ಎರಡು ದುಂಡು ಕೇಂದ್ರಗಳು, ಥೇಟ್ ಗೂಬೆಯ ಮುಖ. ಗಂಟಿನಲ್ಲಿ ಕ್ಯಾನ್ಸರ್ ಎನ್ನುವುದು ಈ ಗೂಬೆಗಳು ಮಾತ್ರ; ಉಳಿದದ್ದೆಲ್ಲ ಅವುಗಳ ಸುತ್ತ ಸಂತೆ ನೆರೆದ ಸಾಮಾನ್ಯ ರಕ್ಷಣಾ ಕೋಶಗಳು. ಪ್ರತಿಕಾಯ ತಯಾರಿಸುವ ಶಕ್ತಿ ಕಳೆದುಕೊಂಡ, ಆ ಕಾರಣಕ್ಕೆ ಸಾಯಬೇಕಾಗಿದ್ದ ಬಿ ಕೋಶವೇ ಹೀಗೆ ಬದುಕುಳಿದಿರುತ್ತದೆ. ‘ನೀನು ಬೇಕಾದವನು, ಬದುಕು’ ಎಂಬ ದೇಹದ ಸಂಕೇತವನ್ನು ವೈರಸ್ಸಿನ ಎರಡು ಪ್ರೋಟೀನುಗಳು ನಕಲು ಮಾಡಿ ಅದಕ್ಕೆ ಕೊಡುತ್ತಿರುತ್ತವೆ. ಎಲ್ಲ ಹಾಜ್ಕಿನ್ ಗಂಟುಗಳಲ್ಲಿಯೂ ವೈರಸ್ ಇರುವುದಿಲ್ಲ. ಭಾರತದ ಮಕ್ಕಳಲ್ಲಿ ಹೆಚ್ಚಿನ ಪಾಲಿನಲ್ಲಿ ಇರುತ್ತದೆ, ಶ್ರೀಮಂತ ದೇಶಗಳಲ್ಲಿ ಕಡಿಮೆ.

ವೈರಸ್ ಜೊತೆಗಿತ್ತು ಎಂದಮಾತ್ರಕ್ಕೆ ಅದನ್ನೇ ಅಪರಾಧಿಯೆನ್ನಬಹುದೇ ಎಂಬ ಸಂಶಯಕ್ಕೆ ನನಗೆ ಮೆಚ್ಚುಗೆಯಾಗುವ ಉತ್ತರವನ್ನು ಕೊಟ್ಟವರು ಫ್ರಾನ್ಸಿನ ವೈದ್ಯರು. ಗುಲ್ಮದಲ್ಲಿ ನಿಧಾನವಾಗಿ ಬೆಳೆಯುವ ಒಂದು ಬಗೆಯ ಲಿಂಫೋಮಾ ಇದ್ದು, ಜೊತೆಗೆ ಹೆಪಟೈಟಿಸ್ ಸಿ ಎಂಬ ಬೇರೊಂದು ವೈರಸ್ಸಿನ ಸೋಂಕೂ ಇದ್ದ ಒಂಬತ್ತು ಮಂದಿಗೆ ಅವರು ವೈರಸ್ಸಿನ ಚಿಕಿತ್ಸೆಯನ್ನು ಮಾತ್ರ ಕೊಟ್ಟರು. ವೈರಸ್ ರಕ್ತದಿಂದ ಮಾಯವಾದ ಏಳು ಮಂದಿಯಲ್ಲಿ ಲಿಂಫೋಮಾ ಕೂಡ ಪೂರ್ಣವಾಗಿ ಹಿಂದೆ ಸರಿಯಿತು; ಅದೇ ಲಿಂಫೋಮಾ ಇದ್ದೂ ವೈರಸ್ ಇಲ್ಲದ ಆರು ಮಂದಿಗೆ ಅದೇ ಔಷಧಿಯಿಂದ ಏನೂ ಆಗಲಿಲ್ಲ. ಇದು ಪ್ರಕಟವಾದದ್ದು 2002ರಲ್ಲಿ. ಅಂಗಕಸಿ ಮಾಡಿಸಿಕೊಂಡವರಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ಸಿನಿಂದ ಲಿಂಫೋಮಾ ಎದ್ದಾಗಲೂ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಕಡಿಮೆ ಮಾಡಿದೊಡನೆ ಗಡ್ಡೆ ಕರಗಿದ ಉದಾಹರಣೆಗಳುಂಟು.

“ಹಾಗಾದ್ರೆ ಇವನಿಗೂ ವೈರಸ್ಸಿಗೇ ಔಷಧಿ ಕೊಡಬಾರದಾ?” ಎಂದು ಚಿಕ್ಕಮ್ಮ ಕೇಳಿದ್ದು ನ್ಯಾಯವಾಗಿಯೇ ಇತ್ತು. ಹರ್ಪಿಸ್‌ಗೆ ಕೊಡುವ ಅಸೈಕ್ಲೋವಿರ್‌ನಂಥ ಔಷಧಿ ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಮಾತ್ರ ಕೆಲಸ ಮಾಡುತ್ತದೆ. ಗೂಬೆಮುಖದ ಕೋಶದಲ್ಲಿ ಅದು ಪ್ರತಿ ಮಾಡದೆ ಸುಮ್ಮನೆ ಅಡಗಿರುವುದರಿಂದ ಔಷಧಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹಾಗಾಗಿ ಅವನಿಗೂ ಎಲ್ಲರಿಗೆ ಕೊಡುವ ಕೀಮೋವನ್ನೇ ಕೊಡುತ್ತಿದ್ದಾರೆ. ಮೂರನೆಯ ಸುತ್ತಿನ ಹೊತ್ತಿಗೆ ಗಂಟು ಕೈಗೆ ಸಿಗದಷ್ಟು ಇಳಿದಿತ್ತು.

ಲೋಟ ಈಗಲೂ ಬೇರೆಯೇ ಇದೆ. ಕೀಮೋದಿಂದ ಬಿಳಿ ರಕ್ತಕಣಗಳು ಇಳಿದಿರುವುದರಿಂದ ಅವನ ಪಾತ್ರೆಗಳನ್ನು ಕುದಿಯುವ ನೀರಿನಲ್ಲಿ ತೊಳೆದಿಡಬೇಕು, ಮನೆಯವರ ಸೋಂಕು ಅವನಿಗೆ ತಗುಲಬಾರದು ಎಂದು ವೈದ್ಯರೇ ಹೇಳಿದ್ದಾರೆ. ಚಿಕ್ಕಮ್ಮ ಅದನ್ನು ಕಿಟಕಿಯ ಕಟ್ಟೆಯಿಂದ ತೆಗೆದು ದೇವರಮನೆಯ ಕಪಾಟಿನಲ್ಲಿ, ಮಡಿಪಾತ್ರೆಗಳ ಸಾಲಿಗೆ ಸೇರಿಸಿದ್ದಾರೆ.